ವಿದ್ಯುತ್ತಿಗೆ ಭಾರ ಎಳೆಯಲು ಕಲಿಸಿದ ಫರ್ಡಿನೆಂಡ್ ಪೋರ್ಷೆ

ವಿದ್ಯುತ್ ಚಾಲಿತ ಪಿಕಪ್ ಟ್ರಕ್ಕುಗಳು ಭಾರವಾದ ಟ್ರೇಲರ್‌ಗಳನ್ನು ಎಳೆಯಲು ಯೋಗ್ಯವೇ ಎಂಬ ಪ್ರಶ್ನೆ ಅಮೆರಿಕದ ವಾಹನ ಮಾರುಕಟ್ಟೆಯಲ್ಲಿ ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. 2022ರಲ್ಲಿ ಫೋರ್ಡ್ ಕಂಪನಿಯ ಎಫ್-150 ಲೈಟ್ನಿಂಗ್ ರಸ್ತೆಗಿಳಿದಾಗ, ಸುಮಾರು 4,500 ಕಿಲೊ ಭಾರವನ್ನು ಎಳೆಯಬಲ್ಲ ಅದರ ಸಾಮರ್ಥ್ಯ ಎಲ್ಲರ ಗಮನ ಸೆಳೆಯಿತು. ಆದರೆ ದೊಡ್ಡ ಟ್ರೇಲರ್ ಕಟ್ಟಿಕೊಂಡು ಹೆದ್ದಾರಿಯಲ್ಲಿ ಸಾಗಿದಾಗ, ಒಂದು ಚಾರ್ಜಿಗೆ ಅದು ಕ್ರಮಿಸುವ ದೂರ ಸರಿಸುಮಾರು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಕುಸಿಯುತ್ತದೆ ಎಂಬುದು ಬಹುಬೇಗ ಬೆಳಕಿಗೆ ಬಂತು.

ಈ ತೊಡಕು ಹೊಸದೇನಲ್ಲ. ಇದೇ ಸಮಸ್ಯೆಯನ್ನು 1900ರಲ್ಲಿಯೇ ಎದುರಿಸಿ, ಅದಕ್ಕೊಂದು ಪರಿಹಾರವನ್ನೂ ಕಂಡುಕೊಂಡವರು ಫರ್ಡಿನೆಂಡ್ ಪೋರ್ಷೆ. ಇಂದು ಅವರ ಹೆಸರು ಕೇಳಿದೊಡನೆ ವೇಗದ ಸ್ಪೋರ್ಟ್ಸ್ ಕಾರುಗಳು ಕಣ್ಣಮುಂದೆ ಸುಳಿಯುತ್ತವೆ. ಆದರೆ ಅವರ ವೃತ್ತಿಜೀವನದ ಆರಂಭವಾದದ್ದು ವಿದ್ಯುತ್ ವಾಹನಗಳಿಂದ. ಅದರ ಒಂದು ಭಾಗ ಕಳೆದದ್ದು, ಅತಿ ಭಾರವಾದ ವಸ್ತುಗಳನ್ನು ವಿದ್ಯುತ್ ಮೋಟಾರುಗಳಿಂದ ಚಲಿಸುವಂತೆ ಮಾಡುವ ಪ್ರಯತ್ನದಲ್ಲಿ.

ತಗಡು ಕೆಲಸದವರ ಮಗ

ಫರ್ಡಿನೆಂಡ್ ಪೋರ್ಷೆ ಜನಿಸಿದ್ದು 1875ರ ಸೆಪ್ಟೆಂಬರ್ 3ರಂದು, ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಬೊಹೀಮಿಯಾದ ಮಾಫರ್ಸ್‌ಡಾರ್ಫ್ ಎಂಬ ಊರಿನಲ್ಲಿ. ಆ ಊರು ಈಗ ಜೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟನ್ ಪೋರ್ಷೆ ತಗಡು ಕೆಲಸದಲ್ಲಿ ನುರಿತವರು. ಮಗನೂ ಅದೇ ಕಸುಬನ್ನು ಮುಂದುವರಿಸಬೇಕೆಂಬುದು ಅವರ ಬಯಕೆಯಾಗಿತ್ತು. ಬಾಲಕನ ಮನಸ್ಸು ಮಾತ್ರ ಆಗಷ್ಟೇ ಆ ಭಾಗಕ್ಕೆ ಕಾಲಿಡುತ್ತಿದ್ದ ವಿದ್ಯುತ್ತಿನ ಕಡೆಗೆ ವಾಲಿತ್ತು. ಹದಿಹರೆಯದಲ್ಲಿಯೇ ವಿದ್ಯುತ್ ಪ್ರಯೋಗಗಳಲ್ಲಿ ತೊಡಗಿದ ಅವರು, 1893ರಲ್ಲಿ ತಮ್ಮ ಮನೆಗೆ ಸ್ವತಃ ವಿದ್ಯುತ್ ದೀಪದ ವ್ಯವಸ್ಥೆ ಅಳವಡಿಸಿದರು.

ಅದೇ ವರ್ಷ, 18ನೇ ವಯಸ್ಸಿನಲ್ಲಿ, ವಿಯೆನ್ನಾಕ್ಕೆ ತೆರಳಿ ಬೇಲಾ ಎಗ್ಗರ್ ಎಂಬ ವಿದ್ಯುತ್ ಉಪಕರಣಗಳ ಕಂಪನಿಯನ್ನು ಸೇರಿದರು. ಬಿಡುವಿನ ವೇಳೆಯಲ್ಲಿ ತಾಂತ್ರಿಕ ವಿದ್ಯಾಲಯದ ಉಪನ್ಯಾಸಗಳಿಗೆ ಹಾಜರಾಗುತ್ತಿದ್ದರೂ ಅವರು ಪದವಿ ಪಡೆದವರಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಯ ಪರೀಕ್ಷಾ ವಿಭಾಗದ ಮುಖ್ಯಸ್ಥರಾದ ಪೋರ್ಷೆ, 1899ರಲ್ಲಿ ರಾಜಮನೆತನಕ್ಕೆ ಸಾರೋಟುಗಳನ್ನು ನಿರ್ಮಿಸುತ್ತಿದ್ದ ಲೋನರ್ ಕಂಪನಿಗೆ ಸೇರ್ಪಡೆಯಾದರು.

ಚಕ್ರದೊಳಗೆ ಮೋಟಾರು

ಅಂದಿನ ವಾಹನಗಳಲ್ಲಿ ಎಂಜಿನ್ನಿನ ಶಕ್ತಿ ಗೇರು, ಸರಪಳಿ, ಪಟ್ಟಿಗಳನ್ನು ಹಾದು ಚಕ್ರವನ್ನು ತಲುಪುತ್ತಿತ್ತು. ದಾರಿಯಲ್ಲಿ ಆ ಶಕ್ತಿಯ ಗಣನೀಯ ಪಾಲು ಘರ್ಷಣೆಯಿಂದ ನಷ್ಟವಾಗುತ್ತಿತ್ತು. ಪೋರ್ಷೆ ಮೋಟಾರನ್ನೇ ಚಕ್ರದ ಗುಂಬದೊಳಗೆ ಕೂರಿಸಿದರು. ಗೇರೂ ಇಲ್ಲ, ಸರಪಳಿಯೂ ಇಲ್ಲ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಮುಂಭಾಗದ ಎರಡೂ ಚಕ್ರಗಳಲ್ಲಿ ಮೋಟಾರು ಹೊಂದಿದ್ದ ಲೋನರ್-ಪೋರ್ಷೆ ವಾಹನ ಪ್ರದರ್ಶನಗೊಂಡಾಗ, ಅದರ ವಿನ್ಯಾಸಕನಿಗೆ ಇನ್ನೂ 25 ತುಂಬಿರಲಿಲ್ಲ.

ವಿದ್ಯುತ್ ಮೋಟಾರಿಗೆ ಒಂದು ಸಹಜ ಗುಣವಿದೆ. ಪೆಟ್ರೋಲ್ ಎಂಜಿನ್ ಒಂದಿಷ್ಟು ವೇಗ ಪಡೆದ ಮೇಲಷ್ಟೇ ತನ್ನ ಪೂರ್ಣ ಬಲ ತೋರುತ್ತದೆ. ವಿದ್ಯುತ್ ಮೋಟಾರಾದರೋ ನಿಂತ ನೆಲದಿಂದಲೇ ಪೂರ್ಣ ಬಲ ನೀಡುತ್ತದೆ. ಭಾರವಾದ ಬಂಡಿಯನ್ನು ನಿಂತಲ್ಲಿಂದ ಕದಲಿಸಲು ಬೇಕಾದದ್ದು ಇದೇ ಗುಣ. ಹೀಗಾಗಿ ವಿದ್ಯುತ್ ವಾಹನಕ್ಕೆ ಎಳೆಯುವ ಶಕ್ತಿ ಇದೆಯೇ ಎಂಬ ಅನುಮಾನ ಪೋರ್ಷೆಯವರ ಕಾಲದಲ್ಲಿಯೂ ಇರಲಿಲ್ಲ, ಈಗಲೂ ಇಲ್ಲ.

ಬ್ಯಾಟರಿಯ ಭಾರ

ತೊಡಕು ಇದ್ದದ್ದು ಬೇರೆಡೆ. ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ವಾಹನದ ಸೀಸದ ಬ್ಯಾಟರಿಯೊಂದೇ 400 ಕಿಲೊಗೂ ಹೆಚ್ಚು ತೂಗುತ್ತಿತ್ತು. ಅಷ್ಟು ಹೊತ್ತರೂ ವಾಹನ ಕ್ರಮಿಸುತ್ತಿದ್ದುದು ಸುಮಾರು 50 ಕಿಲೊಮೀಟರ್ ಮಾತ್ರ. ಇಂಗ್ಲೆಂಡಿನ ಗ್ರಾಹಕರೊಬ್ಬರ ಬೇಡಿಕೆಯಂತೆ ನಾಲ್ಕೂ ಚಕ್ರಗಳಿಗೆ ಮೋಟಾರು ಅಳವಡಿಸಿದ ವಾಹನವನ್ನು ನಿರ್ಮಿಸಿದಾಗ ಬ್ಯಾಟರಿಯ ತೂಕ ಸುಮಾರು 1,800 ಕಿಲೊಗೆ ಏರಿತು. ಹೆಚ್ಚು ದೂರ ಹೋಗಬೇಕಾದರೆ ಹೆಚ್ಚು ಬ್ಯಾಟರಿ ಬೇಕು. ಹೆಚ್ಚಿದ ಬ್ಯಾಟರಿಯ ತೂಕವನ್ನು ಎಳೆಯಲು ಮತ್ತಷ್ಟು ವಿದ್ಯುತ್ ಬೇಕು. ಈ ಸುಳಿಯಿಂದ ಹೊರಬರುವ ದಾರಿಯನ್ನು ಪೋರ್ಷೆ ಅದೇ ವರ್ಷ ಹುಡುಕತೊಡಗಿದರು.

ಅವರು ಕಂಡುಕೊಂಡ ದಾರಿ ಸರಳವಾಗಿತ್ತು. ವಿದ್ಯುತ್ತನ್ನು ಸಂಗ್ರಹಿಸಿ ಹೊತ್ತೊಯ್ಯುವ ಬದಲು ವಾಹನದಲ್ಲಿಯೇ ಉತ್ಪಾದಿಸುವುದು. 'ಸದಾ ಜೀವಂತ' ಎಂಬ ಅರ್ಥದ ಲ್ಯಾಟಿನ್ ಹೆಸರಿನ 'ಸೆಂಪರ್ ವೀವುಸ್' ವಾಹನದಲ್ಲಿ ಎರಡು ಪುಟ್ಟ ಪೆಟ್ರೋಲ್ ಎಂಜಿನ್‌ಗಳು ಜನರೇಟರುಗಳನ್ನು ತಿರುಗಿಸುತ್ತಿದ್ದವು. ಜನರೇಟರುಗಳಿಂದ ಬಂದ ವಿದ್ಯುತ್ ಚಕ್ರದ ಮೋಟಾರುಗಳನ್ನು ಓಡಿಸುತ್ತಿತ್ತು, ಉಳಿದದ್ದು ಸಣ್ಣದೊಂದು ಬ್ಯಾಟರಿಯನ್ನು ಸೇರುತ್ತಿತ್ತು. 1901ರ ಹೊತ್ತಿಗೆ ಇದರ ಸುಧಾರಿತ ರೂಪವಾದ 'ಮಿಕ್ಸ್‌ಟೆ' ಸಿದ್ಧಗೊಂಡಿತು. ಇಂದು ಹೈಬ್ರಿಡ್ ಎಂದು ಕರೆಯಲಾಗುವ ವಾಹನಗಳ ಪೂರ್ವಜರಲ್ಲಿ ಇವು ಪ್ರಮುಖವಾದವು. 1902ರ ಸೇನಾ ಕವಾಯತಿನ ಸಂದರ್ಭದಲ್ಲಿ ಯುವರಾಜ ಫ್ರಾನ್ಜ್ ಫರ್ಡಿನೆಂಡ್ ಅವರನ್ನು ಇಂತಹ ವಾಹನದಲ್ಲಿ ಕರೆದೊಯ್ದ ಚಾಲಕ ಸ್ವತಃ ಪೋರ್ಷೆ ಆಗಿದ್ದರು.

ರಸ್ತೆಯ ಮೇಲೊಂದು ರೈಲು

1906ರಲ್ಲಿ ಪೋರ್ಷೆ ವೀನರ್ ನಾಯ್‌ಸ್ಟಾಟ್‌ನ ಆಸ್ಟ್ರೊ-ಡೈಮ್ಲರ್ ಕಂಪನಿಯ ಮುಖ್ಯ ವಿನ್ಯಾಸಕರಾದರು. ಆಸ್ಟ್ರಿಯಾ-ಹಂಗೆರಿಯ ಸೇನೆಗೆ ಆಗ ಒಂದು ಕಠಿಣ ಸಮಸ್ಯೆ ಇತ್ತು. ರೈಲು ಹಳಿ ಮುಗಿದಲ್ಲಿಂದ ಮುಂದೆ, ಗುಡ್ಡಗಾಡಿನ ದಾರಿಯಲ್ಲಿ ಹತ್ತಾರು ಟನ್ ಸರಕನ್ನು ಸಾಗಿಸುವುದು ಹೇಗೆ? ಮುಂದಿನ ಟ್ರ್ಯಾಕ್ಟರ್ ಒಂದೇ ಎಳೆಯಬೇಕಾದರೆ ಅದರ ಚಕ್ರಗಳಿಗೆ ನೆಲದ ಹಿಡಿತ ಸಾಲದು. ಕೆಸರಿನಲ್ಲಿ ಅವು ನಿಂತಲ್ಲೇ ತಿರುಗುತ್ತವೆ. ಹಿಡಿತಕ್ಕಾಗಿ ಟ್ರ್ಯಾಕ್ಟರಿನ ತೂಕ ಹೆಚ್ಚಿಸಿದರೆ ಸೇತುವೆಗಳು ತಡೆಯಲಾರವು.

ಪೋರ್ಷೆ ಎಳೆಯುವ ಪರಿಕಲ್ಪನೆಯನ್ನೇ ಬದಲಿಸಿದರು. ಮುಂದಿನ ವಾಹನದಲ್ಲಿ ಸುಮಾರು 100 ಅಶ್ವಶಕ್ತಿಯ ಎಂಜಿನ್ ಜನರೇಟರನ್ನು ತಿರುಗಿಸುತ್ತಿತ್ತು. ಅಲ್ಲಿಂದ ಹೊರಟ ವಿದ್ಯುತ್ ಕೇಬಲ್ಲಿನ ಮೂಲಕ ಹಿಂದಿನ ಪ್ರತಿ ಟ್ರೇಲರಿನ ಚಕ್ರದ ಮೋಟಾರುಗಳಿಗೆ ಹರಿಯುತ್ತಿತ್ತು. ಅಂದರೆ ಟ್ರೇಲರ್ ಎಳೆಸಿಕೊಳ್ಳುತ್ತಿರಲಿಲ್ಲ, ತಾನೇ ನಡೆಯುತ್ತಿತ್ತು. ಮುಂದಿನ ವಾಹನದ ಜಾಡಿನಲ್ಲಿಯೇ ಹಿಂದಿನವು ತಿರುಗುವಂತಹ ವ್ಯವಸ್ಥೆಯೂ ಇತ್ತು. ದುರ್ಬಲ ಸೇತುವೆ ಎದುರಾದರೆ ಟ್ರ್ಯಾಕ್ಟರ್ ಮೊದಲು ದಾಟಿ, ಉದ್ದನೆಯ ಕೇಬಲ್ ಮೂಲಕ ಟ್ರೇಲರುಗಳನ್ನು ಒಂದೊಂದಾಗಿ ದಾಟಿಸಬಹುದಾಗಿತ್ತು. 'ಲ್ಯಾಂಡ್‌ವೇರ್ ಟ್ರೈನ್' ಎಂದು ಹೆಸರಾದ ಈ ವಾಹನಮಾಲೆ ಚಕ್ರ ಬದಲಿಸಿಕೊಂಡು ಹಳಿಯ ಮೇಲೂ ಓಡುತ್ತಿತ್ತು.

ಮೊದಲ ಮಹಾಯುದ್ಧದಲ್ಲಿ ಇದರ ಇನ್ನೂ ಬಲಿಷ್ಠ ರೂಪವಾದ 'ಸಿ ಟ್ರೈನ್' ಬಳಕೆಗೆ ಬಂತು. ಅದರ ಟ್ರೇಲರಿನ ಎಂಟೂ ಚಕ್ರಗಳಲ್ಲಿ ಮೋಟಾರುಗಳಿದ್ದವು. ಸ್ಕೋಡಾ ಕಾರ್ಖಾನೆಯ 38 ಸೆಂಟಿಮೀಟರ್ ಬಾಯಿಯ ಹೊವಿಟ್ಜರ್ ಫಿರಂಗಿಯ ತೂಕ 80 ಟನ್ನಿಗೂ ಅಧಿಕ. ಅದನ್ನು ಭಾಗಗಳಾಗಿ ಕಳಚಿ ಈ ವಾಹನಗಳಲ್ಲಿ ಸಾಗಿಸಲಾಗುತ್ತಿತ್ತು. 1916ರ ಮೇ ತಿಂಗಳಲ್ಲಿ ಇಟಲಿಯ ವಿರುದ್ಧ ಟ್ರೆಂಟಿನೊ ಪರ್ವತ ಪ್ರದೇಶದಲ್ಲಿ ನಡೆದ ದಾಳಿಯಲ್ಲಿ ಇಂತಹ ಫಿರಂಗಿಗಳು ಗರ್ಜಿಸಿದವು. ವೇಗ ಕುದುರೆಗಾಡಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಭಾರ ತಲುಪಬೇಕಾದಲ್ಲಿಗೆ ತಲುಪಿತು. ಪದವಿಯಿಲ್ಲದ ಪೋರ್ಷೆಯವರಿಗೆ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯ 1917ರಲ್ಲಿ ಗೌರವ ಡಾಕ್ಟರೇಟ್ ನೀಡಿತು.

ಮಿತಿ ಮೀರಿದ ಭಾರ

ಯುದ್ಧಾನಂತರ ಅವರು 1923ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಡೈಮ್ಲರ್ ಕಂಪನಿಯನ್ನು ಸೇರಿದರು. 1931ರಲ್ಲಿ ಅದೇ ನಗರದಲ್ಲಿ ಸ್ವಂತ ವಿನ್ಯಾಸ ಕಚೇರಿ ತೆರೆದರು. 1934ರಲ್ಲಿ ಜನಸಾಮಾನ್ಯರ ಕಾರು ರೂಪಿಸುವ ಗುತ್ತಿಗೆ ದೊರೆಯಿತು. ಮುಂದೆ ಲೋಕಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ ಬೀಟಲ್ ರೂಪುಗೊಂಡದ್ದು ಹೀಗೆ. 1937ರಲ್ಲಿ ನಾಜಿ ಪಕ್ಷದ ಸದಸ್ಯರಾದ ಪೋರ್ಷೆ ಹಿಟ್ಲರನ ಮೆಚ್ಚಿನ ಎಂಜಿನಿಯರ್ ಎನಿಸಿಕೊಂಡರು. ಅವರು ಮುನ್ನಡೆಸಿದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ದುಡಿದವರಲ್ಲಿ ಬಹುಪಾಲು ಜನ ಆಕ್ರಮಿತ ದೇಶಗಳಿಂದ ಬಲವಂತವಾಗಿ ತಂದ ಕಾರ್ಮಿಕರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಇದೇ ಅವಧಿಯಲ್ಲಿ ಪೋರ್ಷೆ ತಮ್ಮ ಹಳೆಯ ಸೂತ್ರಕ್ಕೆ ಮರಳಿದರು. ಟೈಗರ್ ಟ್ಯಾಂಕಿಗಾಗಿ ಅವರು ರೂಪಿಸಿದ ಮಾದರಿಯಲ್ಲಿ ಎರಡು ಪೆಟ್ರೋಲ್ ಎಂಜಿನ್‌ಗಳು, ಜನರೇಟರುಗಳು ಮತ್ತು ವಿದ್ಯುತ್ ಮೋಟಾರುಗಳಿದ್ದವು. 1942ರ ಏಪ್ರಿಲ್ 20ರಂದು ರಾಸ್ಟನ್‌ಬುರ್ಗ್‌ನಲ್ಲಿ ಹಿಟ್ಲರನ ಎದುರು ಹೆನ್ಶೆಲ್ ಕಂಪನಿಯ ಟ್ಯಾಂಕಿನೊಡನೆ ಅದು ಪ್ರದರ್ಶನಗೊಂಡಿತು. ಅಂತಿಮವಾಗಿ ಗೆದ್ದದ್ದು ಗೇರುಗಳನ್ನು ನಂಬಿದ ಹೆನ್ಶೆಲ್. ಪೋರ್ಷೆಯವರ ವ್ಯವಸ್ಥೆ ತೂಕದಲ್ಲಿ ಹೆಚ್ಚು, ಜಟಿಲತೆಯಲ್ಲಿಯೂ ಹೆಚ್ಚು. ಅದರ ಎಂಜಿನ್‌ಗಳು ಪದೇಪದೇ ಕೆಡುತ್ತಿದ್ದವು. ಮೋಟಾರುಗಳಿಗೆ ಬೇಕಾದ ತಾಮ್ರ ಯುದ್ಧಕಾಲದ ಜರ್ಮನಿಯಲ್ಲಿ ವಿರಳವಾಗಿತ್ತು.

ಆದೇಶಕ್ಕೆ ಮುನ್ನವೇ ತಯಾರಾಗಿದ್ದ ಸುಮಾರು 90 ಒಡಲುಗಳನ್ನು ಟ್ಯಾಂಕ್ ನಾಶಕಗಳಾಗಿ ಪರಿವರ್ತಿಸಿ, ವಿನ್ಯಾಸಕನ ಹೆಸರನ್ನೇ ಇಟ್ಟು 'ಫರ್ಡಿನೆಂಡ್' ಎಂದು ಕರೆಯಲಾಯಿತು. ತಲಾ 65 ಟನ್ ತೂಗುತ್ತಿದ್ದ ಅವು 1943ರ ಜುಲೈನಲ್ಲಿ ರಷ್ಯಾದ ಕುರ್ಸ್ಕ್ ಕದನಕ್ಕೆ ಇಳಿದವು. ನೆಲಬಾಂಬಿಗೆ ಸಿಕ್ಕು ನಿಂತ ಹಲವು ವಾಹನಗಳನ್ನು ಅವುಗಳ ವಿಪರೀತ ತೂಕದ ಕಾರಣ ಎಳೆದು ತರಲಾಗದೆ ರಣರಂಗದಲ್ಲಿಯೇ ಬಿಟ್ಟುಬರಬೇಕಾಯಿತು. ಭಾರ ಎಳೆಯುವ ವಿದ್ಯೆಯಲ್ಲಿ ಹೆಸರಾದ ವ್ಯಕ್ತಿಯ ಕೃತಿಯನ್ನು ಎಳೆಯಲು ಯಾವ ವಾಹನವೂ ಸಾಲದಾದದ್ದು ವಿಧಿಯ ವಿಡಂಬನೆ. ಆ ಬಳಿಕ ನಿರ್ಮಿಸಿದ 188 ಟನ್ ತೂಕದ 'ಮೌಸ್' ಟ್ಯಾಂಕಿಗೂ ವಿದ್ಯುತ್ ಚಾಲನೆಯೇ ಇತ್ತು. ಅದು ಎರಡು ಮಾದರಿಗಳಾಚೆಗೆ ಹೋಗಲಿಲ್ಲ.

ಸೆರೆವಾಸ ಮತ್ತು ಕೊನೆಯ ದಿನಗಳು

1945ರ ಡಿಸೆಂಬರ್‌ನಲ್ಲಿ ಫ್ರೆಂಚ್ ಅಧಿಕಾರಿಗಳು ಪೋರ್ಷೆಯವರನ್ನು ಬಂಧಿಸಿದರು. ಸುಮಾರು 20 ತಿಂಗಳ ಸೆರೆವಾಸದ ನಂತರ, ದೊಡ್ಡ ಮೊತ್ತದ ಜಾಮೀನು ಹಣ ಪಾವತಿಸಿದ ಮೇಲೆ, 1947ರ ಆಗಸ್ಟ್‌ನಲ್ಲಿ ಅವರು ಹೊರಬಂದರು. ಆ ವೇಳೆಗೆ ಆರೋಗ್ಯ ಹದಗೆಟ್ಟಿತ್ತು. ಮಗ ಫೆರಿ ಪೋರ್ಷೆಯವರ ನೇತೃತ್ವದಲ್ಲಿ ಆಸ್ಟ್ರಿಯಾದ ಗ್ಮುಂಡ್‌ನಲ್ಲಿ 1948ರಲ್ಲಿ ಪೋರ್ಷೆ ಹೆಸರಿನ ಮೊದಲ ಸ್ಪೋರ್ಟ್ಸ್ ಕಾರು ಸಿದ್ಧವಾದುದನ್ನು ಅವರು ಕಂಡರು. ಪಾರ್ಶ್ವವಾಯುವಿಗೆ ತುತ್ತಾದ ಅವರು 1951ರ ಜನವರಿ 30ರಂದು ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು.

ಉಳಿದು ಬಂದ ಸೂತ್ರ

ಪೋರ್ಷೆಯವರ ಬದುಕು ಇಂದಿನ ಪ್ರಶ್ನೆಗೆ ಒಂದಷ್ಟು ಉತ್ತರ ನೀಡುತ್ತದೆ. ಒಂದು ಕಿಲೊ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಅಡಗಿದೆ. ಎಂಜಿನ್ ಅದರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಭಾಗವನ್ನು ಶಾಖವಾಗಿ ಕಳೆದರೂ 3 ಯೂನಿಟ್ಟಿನಷ್ಟು ಕೆಲಸಕ್ಕೆ ಸಿಗುತ್ತದೆ. ಇಂದಿನ ಲಿಥಿಯಂ ಬ್ಯಾಟರಿಗಳು ಹಳೆಯ ಸೀಸದ ಬ್ಯಾಟರಿಗಿಂತ ಹಲವು ಪಟ್ಟು ಉತ್ತಮ. ಆದರೂ ಪೂರ್ಣ ಜೋಡಣೆಯ ಲೆಕ್ಕದಲ್ಲಿ ಕಿಲೊಗೆ ಯೂನಿಟ್ಟಿನ ಐದನೇ ಒಂದು ಭಾಗವನ್ನೂ ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗೋಡೆಯಂತಹ ಮುಖವಿರುವ ಟ್ರೇಲರನ್ನು ಹೆದ್ದಾರಿಯ ವೇಗದಲ್ಲಿ ಎಳೆದಾಗ ಗಾಳಿಯ ಪ್ರತಿರೋಧವೇ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಪೋರ್ಷೆಯವರ ಟ್ರೈನುಗಳು ನಿಧಾನವಾಗಿ ಚಲಿಸುತ್ತಿದ್ದುದರಿಂದ ಗಾಳಿಯ ಕಾಟ ಅವಕ್ಕಿರಲಿಲ್ಲ.

ಊರೊಳಗೆ, ನಿಗದಿತ ಅಲ್ಪದೂರಕ್ಕೆ, ರಾತ್ರಿ ಚಾರ್ಜ್ ಮಾಡುವ ಅನುಕೂಲವಿದ್ದಲ್ಲಿ ವಿದ್ಯುತ್ ಪಿಕಪ್ ಭಾರ ಎಳೆಯಲು ನಿಸ್ಸಂದೇಹವಾಗಿ ಯೋಗ್ಯ. ನೂರಾರು ಕಿಲೊಮೀಟರ್‌ಗಳ ಪಯಣಕ್ಕೆ ಮಾತ್ರ ಲೆಕ್ಕ ಕೂಡಿಬರುತ್ತಿಲ್ಲ. ಬ್ಯಾಟರಿಯನ್ನಷ್ಟೇ ನಂಬಿದ್ದ ದೊಡ್ಡ ಪಿಕಪ್ ಯೋಜನೆಯನ್ನು ರಾಮ್ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟು, ಪೆಟ್ರೋಲ್ ಎಂಜಿನ್ ಜನರೇಟರ್ ಹೊತ್ತ ಮಾದರಿಯತ್ತ ಹೊರಳಿತು. ಫೋರ್ಡ್ ಕೂಡ ಅದೇ ವರ್ಷದ ಡಿಸೆಂಬರ್‌ನಲ್ಲಿ ತನ್ನ ಮುಂದಿನ ಲೈಟ್ನಿಂಗ್ ಇದೇ ಬಗೆಯದಾಗಿರುತ್ತದೆ ಎಂದು ಪ್ರಕಟಿಸಿತು.

ಎಂಜಿನ್‌ನಿಂದ ವಿದ್ಯುತ್ ಉತ್ಪಾದಿಸಿ ಮೋಟಾರಿನಿಂದ ಎಳೆಸುವ ತತ್ವ ಕನ್ನಡಿಗರಿಗೂ ಅಪರಿಚಿತವಲ್ಲ. ಕ್ಯಾಸಲ್‌ರಾಕ್ ಘಟ್ಟದ ಕಡಿದಾದ ಏರಿನಲ್ಲಿ ದಶಕಗಳ ಕಾಲ ಸರಕು ರೈಲುಗಳನ್ನು ಎಳೆದ ಡೀಸೆಲ್ ಲೋಕೊಮೋಟಿವ್‌ಗಳ ಚಕ್ರಗಳನ್ನು ತಿರುಗಿಸಿದ್ದು ವಿದ್ಯುತ್ ಮೋಟಾರುಗಳೇ. ಹಳಿಯ ಮೇಲೆ ಈ ತತ್ವ ಎಂದೋ ನೆಲೆಗೊಂಡಿತು. ರಸ್ತೆಯ ಮೇಲೆ ಅದನ್ನು ಮೊದಲು ದುಡಿಸಿದವರ ಸಾಲಿನಲ್ಲಿ ಪೋರ್ಷೆಯವರ ಹೆಸರು ಮುಂದಿದೆ. ಮೋಟಾರಿನ ಬಲವನ್ನು ಅವರು ಎಂದೂ ತಪ್ಪಾಗಿ ಅಂದಾಜು ಮಾಡಲಿಲ್ಲ. ಆ ಬಲದಿಂದ ಯಾರ ಭಾರವನ್ನು ಎಳೆಯಬೇಕು ಎಂಬ ಪ್ರಶ್ನೆಯಲ್ಲಿ ಮಾತ್ರ ಇತಿಹಾಸ ಅವರನ್ನು ಕ್ಷಮಿಸಿಲ್ಲ.