ಬಸ್ರಾದ ಜಾಹಿಝ್ ಮತ್ತು ರಾಇಬಿ ಪಾರಿವಾಳ

ಊರ ಪಾರಿವಾಳಕ್ಕೂ ಕಾಡಿನ ಪಾರಿವಾಳಕ್ಕೂ ಮರಿಯಾದರೆ ಅದು ಯಾರ ಹಾಗೆ ಇರುತ್ತದೆ? ತಾಯಿಯ ಹಾಗೋ, ತಂದೆಯ ಹಾಗೋ? ಹನ್ನೊಂದು ಶತಮಾನಗಳಿಗೂ ಹಿಂದೆ ಇರಾಕಿನ ಬಸ್ರಾದವರೊಬ್ಬರು ಈ ಪ್ರಶ್ನೆಯ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡಿದ್ದರು. ಹೆಸರು ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹ್ರ್. ಆದರೆ ಲೋಕಕ್ಕೆ ಗೊತ್ತಿರುವುದು ಅಲ್ ಜಾಹಿಝ್ ಅಂತಲೇ. ಉಬ್ಬಿದ ಕಣ್ಣುಗಳವನು ಎಂದು ಅದರ ಅರ್ಥ. ಯಾರೋ ಇಟ್ಟ ಅಡ್ಡಹೆಸರು, ಅದೇ ಉಳಿಯಿತು.

ಹುಟ್ಟಿದ್ದು ಸುಮಾರು ಕ್ರಿ.ಶ. 776ರಲ್ಲಿ, ಬಡ ಮನೆಯಲ್ಲಿ. ಅಜ್ಜ ಕಪ್ಪು ವರ್ಣದವರು, ಒಂಟೆ ನಡೆಸುವ ಕೆಲಸದವರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಹುಡುಗನಾಗಿದ್ದಾಗ ಬಸ್ರಾದ ಸೈಹಾನ್ ಕಾಲುವೆ ಪಕ್ಕ ರೊಟ್ಟಿ, ಮೀನು ಮಾರುತ್ತಿದ್ದರು. ಮೀನು ಮಾರಿ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಕರಾವಳಿಯಲ್ಲೂ ಎಷ್ಟೋ ಉಂಟು, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನಿಗೆ ಓದಿನ ಹುಚ್ಚು. ದುಡಿಮೆ ಬಿಟ್ಟು ಮಸೀದಿಯಲ್ಲಿ ವಿದ್ವಾಂಸರ ಸುತ್ತ ಕೂರುವುದು ನೋಡಿ ಉಮ್ಮನಿಗೆ ಸಾಕಾಯಿತಂತೆ. ಒಂದು ದಿನ ಊಟ ಕೇಳಿದಾಗ ತಟ್ಟೆಯ ತುಂಬಾ ಬರೆದ ಕಾಗದಗಳನ್ನೇ ತಂದಿಟ್ಟರು ಎಂಬ ಕಥೆ ಇದೆ. ಆಮೇಲೆ ಅನುಕೂಲಸ್ಥ ಗೆಳೆಯರೊಬ್ಬರು ಹಣ ಕೊಟ್ಟು, ಮನೆಗೆ ಹಿಟ್ಟು ಬಂತು. ದೊಡ್ಡವರಾದ ಮೇಲೆ ಪುಸ್ತಕದಂಗಡಿಗಳನ್ನೇ ರಾತ್ರಿಯ ಮಟ್ಟಿಗೆ ಬಾಡಿಗೆಗೆ ಹಿಡಿದು, ಒಳಗೆ ಕೂತು ಬೆಳಗಾಗುವ ತನಕ ಓದುತ್ತಿದ್ದರಂತೆ.

ಅವರ ಬರಹ ಖಲೀಫ ಮಅಮೂನರ ಕಣ್ಣಿಗೆ ಬಿತ್ತು. ಬಗ್ದಾದಿನ ಬಾಗಿಲು ತೆರೆಯಿತು. ಖಲೀಫ ಮುತವಕ್ಕಿಲ್ ತಮ್ಮ ಮಕ್ಕಳಿಗೆ ಕಲಿಸಲು ಕರೆಸಿ, ಮುಖ ನೋಡಿದ್ದೇ ಹತ್ತು ಸಾವಿರ ದಿರ್ಹಮ್ ಕೊಟ್ಟು ವಾಪಸು ಕಳಿಸಿದರು ಎನ್ನುತ್ತಾರೆ. ಜಾಹಿಝ್ ಇದನ್ನು ತಾವೇ ನಗುತ್ತಾ ಹೇಳಿಕೊಳ್ಳುತ್ತಿದ್ದರಂತೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಅಖೀದದಲ್ಲಿ ಅವರು ಮುಅತಝಿಲಿ. ಅಹ್ಲುಸ್ಸುನ್ನದ ಉಲಮಾಗಳು ಆ ವಾದಗಳನ್ನು ಒಪ್ಪಿಲ್ಲ, ನಾವೂ ಒಪ್ಪಬೇಕಾಗಿಲ್ಲ. ಆದರೆ ಅವರ ಅರಬಿ ಗದ್ಯವನ್ನು ಒಪ್ಪದವರು ಕಡಿಮೆ. ಪ್ರಾಣಿಗಳ ಬಗ್ಗೆ ಅವರು ಬರೆದ 'ಕಿತಾಬುಲ್ ಹಯವಾನ್' ಏಳು ಸಂಪುಟಗಳ ಗ್ರಂಥ.

ಅದರಲ್ಲಿ ಪಾರಿವಾಳಕ್ಕೆ ಸಿಕ್ಕಿದಷ್ಟು ಜಾಗ ಬೇರೆ ಹಕ್ಕಿಗಳಿಗೆ ಸಿಕ್ಕಿದ್ದು ಅಪರೂಪ. ಆಗಿನ ಬಸ್ರಾದಲ್ಲಿ ಪಾರಿವಾಳ ಸಾಕುವುದು ಬರೀ ಶೋಕಿಯಲ್ಲ, ದೊಡ್ಡ ವ್ಯಾಪಾರ. ದೂರ ಬಿಟ್ಟರೂ ಗೂಡಿಗೆ ಮರಳುವ ಒಂದೊಂದು ಹಕ್ಕಿ 500 ದೀನಾರಿಗೆ ಮಾರಾಟವಾಗುತ್ತಿತ್ತು. ಕುದುರೆಯ ಹಾಗೆ ಪಾರಿವಾಳದ ವಂಶಾವಳಿಯನ್ನೂ ಬರೆದಿಡುತ್ತಿದ್ದರು. ಜಾಹಿಝ್ ಈ ಸಾಕುವವರ ಜೊತೆ ಕೂತು ಮಾತಾಡಿದರು. ಅರಿಸ್ಟಾಟಲನ ಗ್ರಂಥ ಓದಿದ್ದರೂ, ಅದರಲ್ಲಿದ್ದದ್ದು ಅನುಭವಕ್ಕೆ ಹೊಂದದಿದ್ದರೆ ಹೊಂದುವುದಿಲ್ಲ ಅಂತಲೇ ಬರೆದರು.

ರಾಇಬಿ ಬರುವುದು ಇಲ್ಲಿ. ತಂದೆ ವರಶಾನ್ ಎಂಬ ಕಾಡು ಪಾರಿವಾಳ, ತಾಯಿ ಸಾಕಿದ ಪಾರಿವಾಳ. ಮಿಶ್ರ ಮರಿ ಎಂದರೆ ಎರಡರ ನಡುವೆ ಎಲ್ಲೋ ಇರಬೇಕು ಅಂತ ನಾವು ಅಂದಾಜು ಹಾಕುತ್ತೇವೆ. ಜಾಹಿಝ್ ನೋಡಿ ಬರೆದದ್ದು ಹಾಗಿಲ್ಲ. ರಾಇಬಿಯ ಮೈ ತಂದೆತಾಯಿ ಇಬ್ಬರಿಗಿಂತ ದೊಡ್ಡದು. ಕಾಲಿನ ಮೇಲೂ ಗರಿ, ಷರಾಯಿ ತೊಟ್ಟ ಹಾಗೆ. ಅದು ತಂದೆಗೂ ಇಲ್ಲ, ತಾಯಿಗೂ ಇಲ್ಲ. ಒಂದೇ ಉಸಿರಿನಲ್ಲಿ ಕೂಗುವ ಕೂಗು ಅವರಿಬ್ಬರದಕ್ಕಿಂತ ಎಷ್ಟೋ ಪಟ್ಟು ಉದ್ದ. ಹೇಸರಗತ್ತೆಯ ಕೂಗು ಕುದುರೆಯದೂ ಅಲ್ಲ, ಕತ್ತೆಯದೂ ಅಲ್ಲ ಎಂಬುದನ್ನು ಇದರ ಪಕ್ಕ ಇಟ್ಟು ತೋರಿಸುತ್ತಾರೆ. ಆದರೆ ಲಾಭವೇ ಎಲ್ಲ ಅಲ್ಲ. ರಾಇಬಿಗೆ ಮೈಭಾರ ಜಾಸ್ತಿ, ಗೂಡಿನ ದಾರಿ ಸರಿಯಾಗಿ ಹಿಡಿಯಲು ಬಾರದು. ವರಶಾನಿನ ದೀರ್ಘಾಯುಷ್ಯವೂ ಅದಕ್ಕೆ ಬರಲಿಲ್ಲ. ದಾರಿ ಮರೆಯುವ ಪಾರಿವಾಳಕ್ಕೆ ಬಸ್ರಾದ ಆ 500 ದೀನಾರ್ ಯಾರು ಕೊಡ್ತಾರೆ! ಸಂಕರ ಮರಿ ಹೆತ್ತವರಿಗಿಂತ ದೊಡ್ಡದಾಗಿ ಬೆಳೆಯುವುದು, ಇಬ್ಬರಲ್ಲೂ ಕಾಣದ ಗುಣ ಅದರಲ್ಲಿ ಕಾಣಿಸಿಕೊಳ್ಳುವುದು ಇವತ್ತಿನ ತಳಿ ವಿಜ್ಞಾನಕ್ಕೆ ಪರಿಚಿತ ವಿಷಯ.

ಸಂಕರ ಉಂಟು ಅಂತ ಒಪ್ಪಿದವರು, ಸಿಕ್ಕಿದ್ದೆಲ್ಲವನ್ನೂ ಸಂಕರ ಎನ್ನುವವರ ಕಿವಿ ಹಿಂಡಿದರು. ಜಿರಾಫೆ ಎಂದರೆ ಒಂಟೆ, ಕಾಡುಹಸು, ಕತ್ತೆಕಿರುಬ ಈ ಮೂರೂ ಸೇರಿ ಹುಟ್ಟಿದ್ದು ಅಂತ ಆಗ ಜನ ನಂಬಿದ್ದರು. ಪಾರ್ಸಿಯಲ್ಲಿ ಅದರ ಹೆಸರು ಒಂಟೆ, ಹಸು ಮುಂತಾದ ಪ್ರಾಣಿಗಳ ಹೆಸರು ಜೋಡಿಸಿ ಆದದ್ದು. ಹೆಸರು ನೋಡಿ ಕಥೆ ಕಟ್ಟಿದ್ದಾರೆ ಅಷ್ಟೇ ಎಂದರು ಜಾಹಿಝ್. ಉಷ್ಟ್ರಪಕ್ಷಿಗೂ ಪಾರ್ಸಿಯವರು ಒಂಟೆ-ಹಕ್ಕಿ ಎನ್ನುತ್ತಾರೆ, ಹಾಗಂತ ಒಂಟೆಗೂ ಹಕ್ಕಿಗೂ ಅದು ಹುಟ್ಟಿತೇ? ಎಮ್ಮೆಗೆ ಹಸು-ಕುರಿ ಎನ್ನುತ್ತಾರೆ, ಟಗರು ಹಸುವಿಗೆ ಹಾರಿ ಎಮ್ಮೆ ಬಂತೇ? ಹೋಲಿಕೆ ನೋಡಿ ಹೆಸರಿಡುತ್ತಾರೆ, ಹುಟ್ಟು ನೋಡಿ ಅಲ್ಲ ಎಂಬುದು ಅವರ ವಾದ. ಕನ್ನಡದ ಉಷ್ಟ್ರಪಕ್ಷಿಯೂ ಒಂಟೆ-ಹಕ್ಕಿಯೇ, ಮಲಯಾಳದ ಒಟ್ಟಕಪಕ್ಷಿಯೂ ಅದೇ. ನಮ್ಮಲ್ಲಿ ಯಾರಿಗೂ ಆ ಅನುಮಾನ ಬಂದಿಲ್ಲ ನೋಡಿ.

ಡಾರ್ವಿನ್‌ಗಿಂತ ಸಾವಿರ ವರ್ಷ ಮೊದಲೇ ವಿಕಾಸವಾದ ಹೇಳಿದ ಮುಸ್ಲಿಂ ವಿಜ್ಞಾನಿ ಅಂತ ಮೊಬೈಲಿನಲ್ಲಿ ಜಾಹಿಝ್ ಹೆಸರು ಓಡಾಡುವುದುಂಟು. ಅದು ಅತಿಯಾಯಿತು. ಪ್ರಾಣಿಗಳು ಒಂದನ್ನೊಂದು ತಿಂದು ಬದುಕುವುದು, ನೆಲ ಮತ್ತು ಹವೆ ಜೀವಿಗಳ ಬಣ್ಣ ಬದಲಿಸುವುದು ಅವರ ಗಮನಕ್ಕೆ ಬಂದಿತ್ತು ನಿಜ. ಆದರೆ ಅವರು ಬರೆದದ್ದು ಸೃಷ್ಟಿಯಲ್ಲಿ ಅಲ್ಲಾಹನ ಹಿಕ್ಮತ್ ತೋರಿಸಲು. ರಾಇಬಿಯ ಕಾಲಿನ ಗರಿಯನ್ನು ಗಮನಿಸಿದ ಕಣ್ಣಿಗೆ ಇಲ್ಲದ ಕಿರೀಟ ಯಾಕೆ ಬೇಕು?

ಈ ಗ್ರಂಥವನ್ನು ಅವರು ಅರ್ಪಿಸಿದ್ದು ವಝೀರ್ ಇಬ್ನ್ ಅಝ್ಝಯ್ಯಾತರಿಗೆ. ಸಿಕ್ಕಿದ ಉಡುಗೊರೆ 5,000 ದೀನಾರ್ ಎನ್ನುತ್ತಾರೆ. 847ರಲ್ಲಿ ಅದೇ ವಝೀರರು ಮುತವಕ್ಕಿಲರ ಕೋಪಕ್ಕೆ ಸಿಕ್ಕಿ, ಬೇರೆಯವರನ್ನು ಹಿಂಸಿಸಲು ತಾವೇ ಮಾಡಿಸಿದ್ದ ಮೊಳೆಗಳ ಒಲೆಯಲ್ಲಿ ಪ್ರಾಣ ಬಿಟ್ಟರು. ಜಾಹಿಝ್ ಓಡಿಹೋದರು, ಸಿಕ್ಕಿಬಿದ್ದರು, ವಿರೋಧಿ ಬಣದ ಖಾಝಿ ಇಬ್ನ್ ಅಬೀ ದುಆದರ ಮುಂದೆ ಸಂಕೋಲೆಯಲ್ಲಿ ನಿಂತರು. ಮಾತಿನ ಬಲದಿಂದಲೇ ಕ್ಷಮೆ ಪಡೆದರು. ಮುಂದಿನ ದೊಡ್ಡ ಕಿತಾಬ್ 'ಅಲ್ ಬಯಾನ್ ವತ್ತಬ್ಯೀನ್' ಆ ಖಾಝಿಗೇ ಅರ್ಪಣೆಯಾಯಿತು.

ಕೊನೆಗೆ ಬಸ್ರಾಕ್ಕೇ ಮರಳಿದರು. ಮೈಯ ಒಂದು ಭಾಗ ಪಾರ್ಶ್ವವಾಯುವಿಗೆ ಸಿಕ್ಕಿತ್ತು. ಹಿಜರಿ 255ರಲ್ಲಿ, ಅಂದರೆ 868-69ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಪೇರಿಸಿಟ್ಟ ಪುಸ್ತಕಗಳ ರಾಶಿ ಮೈಮೇಲೆ ಬಿದ್ದು ಸತ್ತರು ಎಂಬ ಕಥೆಯನ್ನು ಜನ ಇವತ್ತಿಗೂ ಹೇಳುತ್ತಾರೆ. ಅರಬಿ ಓದಬಲ್ಲವರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಕಿತಾಬುಲ್ ಹಯವಾನ್ ಸಿಕ್ಕಿದರೆ ಮೊದಲ ಸಂಪುಟ ತೆರೆಯಿರಿ, ರಾಇಬಿಯೂ ಜಿರಾಫೆಯೂ ಅಲ್ಲೇ ಹತ್ತಿರ ಹತ್ತಿರ ಸಿಗುತ್ತವೆ.