ಟೂತ್‌ಪೇಸ್ಟ್‌ನಿಂದ ಪ್ರೆಗ್ನೆನ್ಸಿ ಟೆಸ್ಟ್ ಆಗುತ್ತಾ? ಝೋಂಡೆಕ್ ಎಂಬ ಡಾಕ್ಟರ ಕಥೆ ಓದಿ

ಮಾರತ್ತಹಳ್ಳಿಯಲ್ಲಿ ಮೆಡಿಕಲ್ ಸ್ಟೋರ್‌ಗಳಿಗೇನೂ ಕೊರತೆ ಇಲ್ಲ. ಆದರೂ ಕೌಂಟರ್‌ನಲ್ಲಿ ಪ್ರೆಗ್ನೆನ್ಸಿ ಕಿಟ್ ಕೇಳಲು ಮುಜುಗರಪಡುವವರ ಫೋನಿಗೆ ಆ ಹಳೇ ಫಾರ್ವರ್ಡ್ ಬರುತ್ತಲೇ ಇರುತ್ತದೆ: ಮೂತ್ರಕ್ಕೆ ಟೂತ್‌ಪೇಸ್ಟ್ ಹಾಕಿ, ನೊರೆ ಬಂದರೆ ಗರ್ಭಿಣಿ. ಇದು ಸುಳ್ಳು. ಹಲವು ಪೇಸ್ಟ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಮೂತ್ರದಲ್ಲಿ ಸ್ವಲ್ಪ ಆಮ್ಲ ಇರುತ್ತದೆ. ಎರಡೂ ಸೇರಿದರೆ ಗುಳ್ಳೆ ಏಳುತ್ತದೆ. ಗಂಡಸರ ಮೂತ್ರದಲ್ಲೂ ಏಳುತ್ತದೆ!

ಹಾಗಾದರೆ ಕಿಟ್ ಏನನ್ನು ಹುಡುಕುತ್ತದೆ? ಅದನ್ನು ತಿಳಿಯಲು ನಾವು ಬರ್ನ್‌ಹಾರ್ಡ್ ಝೋಂಡೆಕ್ ಅವರ ಹತ್ತಿರ ಹೋಗಬೇಕು.

ಝೋಂಡೆಕ್ ಹುಟ್ಟಿದ್ದು 1891ರಲ್ಲಿ, ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡ್‌ನಲ್ಲಿರುವ ಸಣ್ಣ ಊರಿನ ಯಹೂದಿ ಮನೆಯಲ್ಲಿ. ಬರ್ಲಿನ್‌ನಲ್ಲಿ ಓದಿ ಹೆರಿಗೆ ಡಾಕ್ಟರಾದರು. ಜೊತೆಗಾರ ಸೆಲ್ಮಾರ್ ಆಶ್‌ಹೈಮ್ ಅವರೊಂದಿಗೆ 1928ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಹೆಂಗಸಿನ ಮೂತ್ರವನ್ನು ಹೆಣ್ಣು ಇಲಿ ಮರಿಗಳಿಗೆ ಚುಚ್ಚುವುದು, ಸುಮಾರು ನಾಲ್ಕು ದಿನ ಬಿಟ್ಟು ಅವನ್ನು ಕೊಂದು ಅಂಡಾಶಯ ನೋಡುವುದು. ಇನ್ನೂ ಪ್ರಾಯಕ್ಕೆ ಬಾರದ ಮರಿಯ ಅಂಡಾಶಯ ಊದಿ, ರಕ್ತದ ಚುಕ್ಕೆ ಕಂಡರೆ ಆ ಹೆಂಗಸು ಗರ್ಭಿಣಿ. ಇಲಿಗಳ ಪಾಲಿಗೆ ಕ್ರೂರವೇ, ಆದರೆ ಫಲಿತಾಂಶ ತಪ್ಪುತ್ತಿದ್ದುದು ಬಹಳ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ಅವರು ಎಡವಿದರು. ಈ ಹಾರ್ಮೋನ್ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ ಎಂದುಕೊಂಡಿದ್ದರು. ಅದನ್ನು ತಯಾರಿಸುವುದು ಮಗುವಿನ ಜೊತೆ ಬೆಳೆಯುವ ಮಾಸು ಎಂದು ಆಮೇಲೆ ಗೊತ್ತಾಯಿತು. ಇದೇ ಇಂದಿನ ಎಚ್‌ಸಿಜಿ. ಕಿಟ್‌ನ ಪಟ್ಟಿ ಹುಡುಕುವುದೂ ಇದನ್ನೇ.

1933ರಲ್ಲಿ ನಾಜಿಗಳು ಝೋಂಡೆಕ್ ಅವರನ್ನು ಆಸ್ಪತ್ರೆಯ ಕೆಲಸದಿಂದ ತೆಗೆದರು. ಸ್ವೀಡನ್‌ಗೆ ಹೋಗಿ, ಅಲ್ಲಿಂದ 1934ರಲ್ಲಿ ಜೆರುಸಲೇಮ್ ಸೇರಿದರು. ಹದಾಸಾ ಆಸ್ಪತ್ರೆಯಲ್ಲಿ ವರ್ಷಾನುಗಟ್ಟಲೆ ಹೆರಿಗೆ ವಿಭಾಗ ನಡೆಸಿ 1966ರಲ್ಲಿ ತೀರಿಕೊಂಡರು.

ಅವರ ಇಲಿ ಪರೀಕ್ಷೆಯನ್ನು 1930ರ ದಶಕದಲ್ಲೇ ಬಸುರಿ ಚಿಂಪಾಂಜಿಯ ಮೂತ್ರದ ಮೇಲೂ ಮಾಡಿದರು. ಪಾಸಿಟಿವ್ ಬಂತು! ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಮಾಸೂ ನಮ್ಮಂತೆಯೇ ಇಂಥ ಹಾರ್ಮೋನ್ ಸುರಿಸುತ್ತದೆ. ಮನುಷ್ಯರಲ್ಲಿ ಅದು ಎಂಟರಿಂದ ಹತ್ತನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಇಳಿದರೂ ಹೆರಿಗೆಯ ತನಕ ಉಳಿಯುತ್ತದೆ. ದೊಡ್ಡ ವಾನರಗಳಲ್ಲೂ ಕೊನೆಯವರೆಗೆ ಸಿಗುತ್ತದೆ. ಹಾಗಾಗಿ ಮೃಗಾಲಯದವರು ಗೊರಿಲ್ಲಾಗೆ ಮನುಷ್ಯರ ಕಿಟ್ಟನ್ನೇ ಬಳಸುವುದುಂಟು.

ನಮ್ಮ ತಾರಸಿಗೆ ಬಂದು ಬಾಳೆಹಣ್ಣು ಕದಿಯುವ ಬಾನೆಟ್ ಕೋತಿಯ ಲೆಕ್ಕ ಬೇರೆ. ಅದರಲ್ಲಿ ಈ ಹಾರ್ಮೋನ್ ಬಸುರಿನ ಮೊದಲ ಕೆಲವು ವಾರ ಮಾತ್ರ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ತಂಡ ದಶಕಗಳ ಕಾಲ ಇದೇ ಕೋತಿಗಳಲ್ಲಿ ಸಂತಾನದ ಹಾರ್ಮೋನ್‌ಗಳನ್ನು ಅಭ್ಯಾಸ ಮಾಡಿತ್ತು.

ಈಗ ಫಾರ್ವರ್ಡ್‌ಗೆ ವಾಪಸ್ ಬರೋಣ. ಗರ್ಭ ಕೆಲವೊಮ್ಮೆ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಲ್ಲುತ್ತದೆ. ನಾಳ ಒಡೆದರೆ ಜೀವಕ್ಕೇ ಅಪಾಯ. ನೊರೆ ಬರಲಿಲ್ಲ ಎಂದು ಸುಮ್ಮನಿದ್ದವರಿಗೆ ಅಷ್ಟರಲ್ಲಿ ಸಮಯ ಮೀರಿರಬಹುದು. ಮುಟ್ಟು ತಪ್ಪಿದ ಮೇಲೆ ಕಿಟ್‌ನಲ್ಲಿ ನೋಡಿ. ನೆಗೆಟಿವ್ ಬಂದೂ ಮುಟ್ಟಾಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಕಿಬ್ಬೊಟ್ಟೆಯ ಒಂದು ಪಕ್ಕ ತುಂಬಾ ನೋವು, ರಕ್ತಸ್ರಾವ ಅಥವಾ ತಲೆಸುತ್ತು ಇದ್ದರೆ ಆ ವಾರವೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.