ದೊಡ್ಡ ಸ್ವಾಮಿಯವರು

ಮಹನೀಯರ ಜೀವನಚರಿತ್ರೆಯನ್ನು ಕೈಗೆತ್ತಿಕೊಂಡಾಗ ನಾವು ಸಾಮಾನ್ಯವಾಗಿ ಅವರ ಗೆಲುವುಗಳನ್ನೇ ಹುಡುಕುತ್ತೇವೆ. ಯಾವ ರಾಜ್ಯವನ್ನು ಕಟ್ಟಿದರು, ಯಾವ ಸಂಸ್ಥೆಯನ್ನು ಸ್ಥಾಪಿಸಿದರು, ಎಷ್ಟು ಜನ ಅನುಯಾಯಿಗಳನ್ನು ಪಡೆದರು ಎಂದು ಕೇಳುತ್ತೇವೆ. ತಾನು ಯಾವ ಕೆಲಸಕ್ಕಾಗಿ ಬಂದೆನೋ ಆ ಕೆಲಸದಲ್ಲಿ ಸೋತೆನೆಂದು ತಾನೇ ಬರೆದು ಅಚ್ಚುಹಾಕಿಸಿದ ಮನುಷ್ಯನನ್ನು ಮಹನೀಯರ ಸಾಲಿನಲ್ಲಿ ಸೇರಿಸಬಹುದೆ? ಅಂತಹ ಒಬ್ಬರು ನಮ್ಮ ಜಿಲ್ಲೆಯ ನೆಲದ ಮೇಲೆಯೇ ಬಾಳಿಹೋದರು. ಅವರ ಜೀವನವನ್ನು ನನಗೆ ತಿಳಿದಮಟ್ಟಿಗೆ ಸಹಪಾಠಿಗಳ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಂ ಎಂಬ ಊರಿದೆ. ಗುಂಬಜ್ ಮತ್ತು ದರಿಯಾ ದೌಲತ್ ನೋಡಲು ಹೋಗುವವರೆಲ್ಲರೂ ಆ ಕಡೆ ಹಾಯುತ್ತಾರೆ. ಅಲ್ಲಿ ಹಳೆಯದೊಂದು ಚರ್ಚು ಇದ್ದು, ಅದನ್ನು ಅಬ್ಬೆ ದುಬೋಯ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಫ್ರೆಂಚರ ಬಾಯಲ್ಲಿ ಈ ಹೆಸರು ದ್ಯುಬ್ವಾ ಎಂದಾಗುತ್ತದೆ. ಅಬ್ಬೆ ಎಂಬುದು ಆ ದೇಶದಲ್ಲಿ ಪಾದ್ರಿಗಳಿಗೆ ಹೇಳುವ ಗೌರವದ ಮಾತು. ನಮ್ಮ ಹಳಗನ್ನಡದಲ್ಲಿ ಅಬ್ಬೆಯೆಂದರೆ ತಾಯಿ. ನಮ್ಮ ಜನ ಈ ಎರಡನ್ನೂ ಬಿಟ್ಟು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಪರದೇಶದ ಪಾದ್ರಿಯೊಬ್ಬರಿಗೆ ನಮ್ಮ ಜನ ಈ ಹೆಸರನ್ನು ಕೊಟ್ಟಿದ್ದಾದರೂ ಹೇಗೆ ಎಂಬುದೇ ಅವರ ಚರಿತ್ರೆ.

ಜಾನ್ ಆಂಟ್ವಾನ್ ದುಬೋಯ್ ಅವರು 1766ರ ಸುಮಾರಿಗೆ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಜನಿಸಿದರು. 1792ರಲ್ಲಿ ಪಾದ್ರಿಯ ದೀಕ್ಷೆ ಪಡೆದರು. ಆ ಹೊತ್ತಿಗೆ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಭುಗಿಲೆದ್ದಿತ್ತು. ಪಾದ್ರಿಗಳ ಪ್ರಾಣಕ್ಕೇ ಭಯವಿದ್ದ ಕಾಲ. ಅದೇ ವರ್ಷ ಅವರು ಪ್ಯಾರಿಸಿನ ಪರದೇಶ ಮಿಷನ್ ಸಂಘದ ಪರವಾಗಿ ಹಡಗು ಹತ್ತಿ ಭಾರತಕ್ಕೆ ಬಂದರು. ಮೊದಲು ಪಾಂಡಿಚೇರಿ ಮತ್ತು ತಮಿಳು ಸೀಮೆಯಲ್ಲಿ ಕೆಲಸ ಮಾಡಿ ದೇಶಭಾಷೆಗಳನ್ನು ಕಲಿತರು.

ಆಗ ನಮ್ಮ ಸೀಮೆಯ ಸ್ಥಿತಿ ಹೇಗಿತ್ತೆಂಬುದನ್ನು ನೆನೆಯಬೇಕು. ಮಂಡ್ಯ ಜಿಲ್ಲೆಯೆಂಬುದು ರಚಿತವಾದದ್ದು 1939ರಲ್ಲಿ. ಅಂದಿನ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳೆಲ್ಲ ಶ್ರೀರಂಗಪಟ್ಟಣದ ರಾಜಧಾನಿಗೆ ಹೋಗುವ ದಂಡಿನ ದಾರಿಗಳ ಮೇಲಿದ್ದ ಊರುಗಳು. 1791–92ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ನೆಲವನ್ನು ತುಳಿಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿಯೇ ಟಿಪ್ಪು ಸುಲ್ತಾನನ ಸೇನೆಗೂ ಹ್ಯಾರಿಸನ ಸೇನೆಗೂ ಯುದ್ಧ ನಡೆಯಿತು. ಮುನ್ನುಗ್ಗುವ ದಂಡು ದವಸವನ್ನು ಬಾಚಿಕೊಂಡರೆ, ಹಿಮ್ಮೆಟ್ಟುವ ದಂಡು ಶತ್ರುವಿಗೆ ಸಿಗಬಾರದೆಂದು ಮೇವಿಗೆ ಬೆಂಕಿ ಇಡುತ್ತಿತ್ತು. ಎರಡರ ನಡುವೆ ನರಳಿದವನು ಒಕ್ಕಲು ಮಗ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸುಲ್ತಾನನು ಹೋರಾಡುತ್ತಲೇ ಮಡಿದನು.

1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಅಳಿದುಳಿದವರು ಪಟ್ಟಣದಲ್ಲಿದ್ದರು. ಅವರಲ್ಲಿ ಎಷ್ಟೋ ಮಂದಿ ಬಲವಂತಕ್ಕೆ ಮತ ಬಿಟ್ಟಿದ್ದರು. ಚದುರಿಹೋದ ಈ ಜನವನ್ನು ಒಟ್ಟುಗೂಡಿಸಲು ಯಾರಾದರೂ ಬೇಕಾಗಿತ್ತು. ಪಟ್ಟಣದ ಅಧಿಕಾರ ವಹಿಸಿಕೊಂಡಿದ್ದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನಿಂದಲೇ ದುಬೋಯ್ ಅವರಿಗೆ ಕರೆ ಬಂದಿತೆಂದು ಹೇಳುತ್ತಾರೆ. ಇಂಗ್ಲಿಷರಿಗೂ ಫ್ರೆಂಚರಿಗೂ ಆಗ ಹಾವು ಮುಂಗುಸಿಯ ವೈರ. ಆದರೂ ಈ ಫ್ರೆಂಚ್ ಪಾದ್ರಿಯನ್ನು ಯಾರೂ ಗೂಢಚಾರನೆಂದು ಶಂಕಿಸಲಿಲ್ಲ. ಅವರ ನಡತೆಯೇ ಅವರಿಗೆ ರಹದಾರಿಯಾಗಿತ್ತು.

ಅವರು ಬಂದು ನೆಲೆಸಿದ ಬಗೆಯಲ್ಲಿಯೇ ಅವರ ವಿನಯ ಕಾಣುತ್ತದೆ. ಬಿಳಿಯರ ಬಂಗಲೆಗಳಿಂದ ದೂರ ಉಳಿದರು. ಈ ನಾಡಿನ ಉಡುಪನ್ನೇ ಧರಿಸಿದರು. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಅವರ ಭಾವಚಿತ್ರವೊಂದಿದೆ. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಗಡ್ಡ, ಕೈಯಲ್ಲಿ ಕೋಲು. ತಿಳಿಯದವರು ನೋಡಿದರೆ ಯಾವುದೋ ಮಠದ ಹಿರಿಯರೆಂದುಕೊಳ್ಳಬೇಕು. ಜನರ ಆಚಾರಗಳಲ್ಲಿ ತಮಗೆ ಒಪ್ಪದಿದ್ದವನ್ನು ಕಂಡಾಗಲೂ ಮುಖದಲ್ಲಿ ಅಸಹ್ಯವನ್ನು ತೋರಗೊಡದೆ ನಡೆದುಕೊಂಡರು. ಆಳುವವರ ಬಣ್ಣದವನಾಗಿ ಹುಟ್ಟಿ ಆಳಿಸಿಕೊಳ್ಳುವವರ ಬಟ್ಟೆ ಉಟ್ಟು ಮೂವತ್ತೊಂದು ವರ್ಷ ಬಾಳುವುದು ಸುಲಭವಲ್ಲ. ಶಿಷ್ಯರ ಕಾಲು ತೊಳೆದ ಏಸುವಿನ ಕಥೆಯನ್ನು ಬಲ್ಲವರಿಗೆ ಈ ನಡತೆಯ ಮೂಲ ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಪ್ರೀತಿಯೆಂಬುದು ಮಾತಿನಲ್ಲಿದ್ದರೆ ಸಾಲದು, ಕೈಗೆ ಇಳಿಯಬೇಕು. ದುಬೋಯ್ ಅವರ ಕೈಗೆ ಅದು ಇಳಿದದ್ದು ಸಿಡುಬಿನ ವಿಷಯದಲ್ಲಿ. ನಮ್ಮ ಹಳ್ಳಿಗಳಲ್ಲಿ ಆ ಕಾಯಿಲೆಗೆ ಅಮ್ಮ ಎಂದೇ ಹೆಸರು. ಮನೆಗೆ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಪು ಹರಕೆ ಹೊತ್ತು, ಉಳಿದರೆ ಅವಳ ಕೃಪೆ, ಹೋದರೆ ಅವಳ ಇಚ್ಛೆ ಎಂದು ಕಾದು ಕೂರುತ್ತಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ರಸದಿಂದ ಮನುಷ್ಯನನ್ನು ಕಾಪಾಡಬಹುದೆಂದು 1796ರಲ್ಲಿ ಪರೀಕ್ಷಿಸಿ 1798ರಲ್ಲಿ ಪ್ರಕಟಿಸಿದರು. 1802ರ ಜೂನ್ ತಿಂಗಳಲ್ಲಿ ಆ ರಸ ಮುಂಬಯಿಗೆ ಬಂದು ಮುಟ್ಟಿತು. ಮರುವರ್ಷವೇ ಈ ಪಾದ್ರಿಗಳು ಮೈಸೂರು ಸೀಮೆಯಲ್ಲಿ ದಾಕು ಹಾಕುವ ಕೆಲಸಕ್ಕೆ ಇಳಿದಿದ್ದರು.

ಈಗಿನ ಹಾಗೆ ಆಗ ಶೀತಲ ಪೆಟ್ಟಿಗೆಯಾಗಲಿ ಗಾಜಿನ ಸೀಸೆಯ ಔಷಧಿಯಾಗಲಿ ಇರಲಿಲ್ಲ. ಒಂದು ಮಗುವಿನ ತೋಳಿಗೆ ದಾಕು ಹಾಕಿದರೆ ಸುಮಾರು ಎಂಟನೆಯ ದಿನಕ್ಕೆ ಅಲ್ಲಿ ಗುಳ್ಳೆ ಬಲಿಯುತ್ತಿತ್ತು. ಅದರ ರಸವನ್ನೇ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೆ, ನಮ್ಮ ಬಿಸಿಲಿಗೆ ರಸ ಒಣಗಿದರೆ, ಕೆಲಸವೆಲ್ಲ ಮೊದಲಿನಿಂದ. ಇದಕ್ಕಿಂತ ದೊಡ್ಡ ತೊಡಕು ಜಾತಿಯದು. ಯಾರ ಮಗುವಿನ ಮೈಯಿಂದ ತೆಗೆದ ರಸ ಯಾರ ಮಗುವಿನ ಮೈಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಏನು ಉತ್ತರ ಹೇಳುವುದು? ಅಮ್ಮನ ಕೋಪಕ್ಕೆ ಗುರಿಯಾದೇವೆಂಬ ಭಯ ಬೇರೆ. ತಾಯಂದಿರು ಮಗುವನ್ನು ಮುಂದೆ ಚಾಚಬೇಕಾದರೆ ಎದುರಿಗಿರುವವನ ಮೇಲೆ ನಂಬಿಕೆ ಇರಬೇಕು. ಆ ನಂಬಿಕೆಯನ್ನು ದುಬೋಯ್ ಅವರು ಜನರ ನಡುವೆ ಬಾಳಿ ಗಳಿಸಿದ್ದರು. 1803–04ರಲ್ಲಿ ಅವರೂ ಅವರ ಸಹಾಯಕರೂ ದಾಕು ಹಾಕಿದವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ. ಇದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಈ ಚಿಕಿತ್ಸೆಗೆ ಒತ್ತಾಸೆಯಾಗಿ ನಿಂತಿತು. ಅದೇ ಹಿಕ್ಕಿ 1805ರ ಸುಮಾರಿಗೆ ಬರೆದ ಅರಮನೆಯ ರಾಣಿಯರ ಚಿತ್ರವನ್ನು ದಾಕಿನ ಪ್ರಚಾರಕ್ಕಾಗಿ ಬರೆಸಿದ್ದೆಂದು ಇತಿಹಾಸಕಾರರು ಅರ್ಥೈಸಿದ್ದಾರೆ.

2021ರಲ್ಲಿ ಕೊರೊನಾ ಲಸಿಕೆ ಬಂದಾಗ ಮಳವಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹಿರಿಯರು ಹಿಂಜರಿದದ್ದನ್ನು ನಾನು ಕಂಡಿದ್ದೇನೆ. ಸರ್ಕಾರದ ಪ್ರಕಟಣೆಗಿಂತ ಹೆಚ್ಚಾಗಿ, ಬಾಣಂತನಕ್ಕೆ ಜ್ವರಕ್ಕೆ ಓಡಿಬರುತ್ತಿದ್ದ ಆಶಾ ಕಾರ್ಯಕರ್ತೆಯ ಮಾತೇ ಅಲ್ಲಿ ಕೆಲಸ ಮಾಡಿತು. ಎರಡು ನೂರು ವರ್ಷಗಳಲ್ಲಿ ವಿಜ್ಞಾನ ಬಹಳ ಮುಂದೆ ಹೋಗಿದೆ. ನಂಬಿಕೆ ಹುಟ್ಟುವ ರೀತಿ ಮಾತ್ರ ಬದಲಾಗಿಲ್ಲ.

ಯುದ್ಧದಿಂದ ನೆಲೆ ತಪ್ಪಿದವರಿಗೆ ಉಪದೇಶದಿಂದ ಹೊಟ್ಟೆ ತುಂಬದೆಂಬುದನ್ನು ಅವರು ಬಲ್ಲವರಾಗಿದ್ದರು. ಹಾಸನದ ಬಳಿ ಕ್ರೈಸ್ತ ಬಡವರನ್ನು ನೆಲೆಗೊಳಿಸಿ ಬೇಸಾಯದ ಹಳ್ಳಿಗಳನ್ನು ಕಟ್ಟಲು ನೆರವಾದರು. ಇದರ ನಡುವೆಯೇ ಜನಜೀವನವನ್ನು ಕುರಿತು ಫ್ರೆಂಚಿನಲ್ಲಿ ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಮದರಾಸಿಗೆ ಕಳುಹಿಸಿದರು. ಕಂಪನಿ ಸರ್ಕಾರ 2,000 ವರಹ ಕೊಟ್ಟು ಹಸ್ತಪ್ರತಿಯನ್ನು ಕೊಂಡುಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂದಿತು. ಅವರ ಹೆಸರು ಇಂದಿಗೂ ಲೋಕದಲ್ಲಿ ಉಳಿದಿರುವುದು ಬಹುಮಟ್ಟಿಗೆ ಈ ಗ್ರಂಥದಿಂದಲೇ.

ಇಲ್ಲಿ ಎರಡು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಚರಿತ್ರೆ ಬರೆಯುವವನು ಭಟ್ಟಂಗಿಯಾಗಬಾರದಷ್ಟೆ. ಮೊದಲನೆಯದು, ಆ ಗ್ರಂಥದ ಬಹುಭಾಗಕ್ಕೆ ಪಾಂಡಿಚೇರಿಯಲ್ಲಿ ಅವರಿಗಿಂತ ಮೊದಲು ಇದ್ದ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹವೇ ಆಧಾರವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಆ ಹಿರಿಯರ ಹೆಸರನ್ನು ದುಬೋಯ್ ಅವರು ಹೇಳಲಿಲ್ಲ. ಎರಡನೆಯದು, ಜಾತಿಪದ್ಧತಿಯು ಸಮಾಜವನ್ನು ಹದ್ದಿನಲ್ಲಿಡುವ ಒಳ್ಳೆಯ ವ್ಯವಸ್ಥೆಯೆಂದು ಅವರು ವಾದಿಸಿದರು. ನಮ್ಮ ಜನರ ಪೂಜೆ ಪದ್ಧತಿಗಳ ಬಗ್ಗೆ ಹಲವೆಡೆ ಕಟುವಾಗಿಯೂ ಬರೆದರು. ಕೇರಿಯ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳೂ ಒಕ್ಕಲ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಓದುವ ನಮ್ಮ ಕಾಲೇಜಿನಲ್ಲಿ ಆ ವಾದವನ್ನು ಯಾರೂ ಒಪ್ಪುವಂತಿಲ್ಲ, ನಾನಂತೂ ಒಪ್ಪುವುದಿಲ್ಲ. ವಿಚಿತ್ರವೆಂದರೆ, ಬರಹದಲ್ಲಿ ಜಾತಿಯನ್ನು ಸಮರ್ಥಿಸಿದ ಆ ಮನುಷ್ಯರ ಬಾಳು ಕಳೆದದ್ದು ಬಹುಪಾಲು ಜಾತಿಯ ಕಡೆಯ ಮೆಟ್ಟಿಲಿನವರ ಸಂಗಡ. ಅವರ ಲೇಖನಿಗಿಂತ ಅವರ ಕೈ ದೊಡ್ಡದೆಂದು ನನಗೆ ತೋರುತ್ತದೆ.

1823ರ ಜನವರಿ 15ರಂದು ದುಬೋಯ್ ಅವರು ಭಾರತವನ್ನು ಬಿಟ್ಟರು. ಅವರ ಸೇವೆಯನ್ನು ನೆನೆದು ಕಂಪನಿ ಸರ್ಕಾರ ಪ್ರಯಾಣದ ವೆಚ್ಚವನ್ನು ಕೊಟ್ಟು ವಿಶ್ರಾಂತಿವೇತನವನ್ನೂ ಗೊತ್ತುಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಭಾರತದಲ್ಲಿ ಕ್ರೈಸ್ತಮತ ಪ್ರಚಾರಕ್ಕೆ ಇನ್ನು ಕಾಲವಿಲ್ಲವೆಂದು ಅವರು ಅದರಲ್ಲಿ ಸ್ಪಷ್ಟವಾಗಿ ಹೇಳಿದರು. ಇಷ್ಟು ವರ್ಷ ದುಡಿದು, ಸ್ಥಳೀಯ ಪಾದ್ರಿಯೊಬ್ಬರ ನೆರವಿನಿಂದ ತಾವು ಮತಕ್ಕೆ ಸೇರಿಸಿಕೊಂಡವರು ಎರಡು ಮೂರು ನೂರು ಮಂದಿ ಮಾತ್ರ, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರು ಎಂದು ಲೆಕ್ಕ ಕೊಟ್ಟರು. ಇಂಗ್ಲೆಂಡಿನ ಮಿಷನರಿಗಳು ಕೆರಳಿ ಎದುರು ಪುಸ್ತಕಗಳನ್ನು ಬರೆದರು. ಸುಳ್ಳು ಲೆಕ್ಕ ಕೊಟ್ಟಿದ್ದರೆ ಹೊಗಳಿಕೆ ಸಿಗುತ್ತಿತ್ತು. ಅವರು ನಿಜವಾದ ಲೆಕ್ಕ ಕೊಟ್ಟು ಬೈಗುಳವನ್ನು ಪಡೆದರು.

ಈ ಲೆಕ್ಕವನ್ನು ಓದಿದಾಗ ನನ್ನ ಮನಸ್ಸು ಮತ್ತೊಂದು ಲೆಕ್ಕದ ಕಡೆ ಹೋಗುತ್ತದೆ. ಮೂವತ್ತು ವರ್ಷಗಳಲ್ಲಿ ಮತಕ್ಕೆ ಬಂದವರು ಮುನ್ನೂರು; ಒಂದೇ ವರ್ಷದಲ್ಲಿ ದಾಕು ಹಾಕಿಸಿಕೊಂಡವರು 25,432. ಮೊದಲನೆಯದನ್ನು ಅವರು ಸೋಲೆಂದು ಬಗೆದರು. ಎರಡನೆಯದರಲ್ಲಿ ಮಾರಮ್ಮನ ಭಕ್ತರಿದ್ದರು, ಮಸೀದಿಗೆ ಹೋಗುವವರಿದ್ದರು, ಏಸುವನ್ನು ಪೂಜಿಸುವವರೂ ಇದ್ದಿರಬೇಕು. ದಾಕು ಹಾಕುವಾಗ ಮತವನ್ನು ಕೇಳಿ ಪ್ರಯೋಜನವಿಲ್ಲ. ಒಂದು ತೋಳಿನ ರಸ ಇನ್ನೊಂದು ತೋಳಿಗೆ ಹೋಗಲೇಬೇಕು. ದಾರಿಯಲ್ಲಿ ಬಿದ್ದಿದ್ದ ಅನ್ಯಕುಲದವನ ಗಾಯ ಕಟ್ಟಿದ ಸಮಾರ್ಯದವನ ಕಥೆಯನ್ನು ಏಸುಕ್ರಿಸ್ತರು ಹೇಳಿದ್ದಾರಷ್ಟೆ. ಆ ಗಾಯಾಳು ಗುಣವಾದ ಮೇಲೆ ಯಾವ ದೇವರನ್ನು ಪೂಜಿಸಿದನೆಂದು ಕಥೆ ಹೇಳುವುದಿಲ್ಲ. ಈ ಅಳತೆಯಿಂದ ನೋಡಿದರೆ ದೊಡ್ಡ ಸ್ವಾಮಿಯವರು ಸೋತರೆಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ.

ಇಷ್ಟು ಕಷ್ಟದ ಬಾಳಿನಲ್ಲಿ ಆನಂದಕ್ಕೆ ಎಡೆಯಿತ್ತೆ ಎಂದು ಕೇಳಬಹುದು. ಇದಕ್ಕೆ ಉತ್ತರ ಅವರ ಕೊನೆಯ ಕಾಲದ ಕೆಲಸದಲ್ಲಿದೆ. ಸೋತು ಬೇಸತ್ತವನು ತಾನಿದ್ದ ನಾಡನ್ನು ಮರೆಯಲು ಯತ್ನಿಸುತ್ತಾನೆ. ಇವರು ಪ್ಯಾರಿಸಿಗೆ ಹೋಗಿ ಅಲ್ಲಿನವರಿಗೆ ನಮ್ಮ ಕಥೆಗಳನ್ನು ಹೇಳತೊಡಗಿದರು. ತಮಿಳು, ತೆಲುಗು, ಕನ್ನಡ ಪ್ರತಿಗಳಿಂದ ಆರಿಸಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ಜೊತೆಗೆ ಪರಮಾರ್ಥ ಗುರುವಿನ ಮತ್ತು ಅವನ ಪೆದ್ದ ಶಿಷ್ಯರ ನಗೆಗಥೆಗಳನ್ನೂ ಸೇರಿಸಿದರು. ನಮ್ಮ ಜಗಲಿಗಳಲ್ಲಿ ಅಜ್ಜಿಯರು ಹೇಳುವಂತಹ ಕಥೆಗಳನ್ನು ಅರುವತ್ತು ವರ್ಷದ ಪಾದ್ರಿಯೊಬ್ಬರು ಪ್ಯಾರಿಸಿನಲ್ಲಿ ಕುಳಿತು ಬರೆಯುತ್ತಿರುವ ದೃಶ್ಯವನ್ನು ಊಹಿಸಿಕೊಂಡರೆ ಯಾರ ಮುಖದಲ್ಲಾದರೂ ನಗೆ ಮೂಡದಿರದು. ತಾವು ಹೊರಟುಬಂದಿದ್ದ ಮಿಷನ್ ಸಂಘದ ವಿದ್ಯಾಲಯದಲ್ಲಿಯೇ ಸೇವೆ ಸಲ್ಲಿಸಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1848ರ ಫೆಬ್ರವರಿ 17ರಂದು ತೀರಿಕೊಂಡರು.

ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣ ಕಂಡುಬಂದದ್ದು 1975ರಲ್ಲಿ. 1980ರಲ್ಲಿ ಲೋಕದಿಂದಲೇ ಆ ರೋಗ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ನಮ್ಮ ತಾತಂದಿರ ತೋಳಿನ ಮೇಲೆ ಕಾಣುವ ಆ ದುಂಡು ಗುರುತು ಈಗಿನ ಮಕ್ಕಳ ತೋಳಿನ ಮೇಲಿಲ್ಲ. ಕಾಣದಂತೆ ಹೋದ ಆ ಗುರುತಿನ ಹಿಂದೆ ಹೆಸರು ಗೊತ್ತಿಲ್ಲದ ಸಾವಿರಾರು ಮಂದಿಯ ದುಡಿಮೆಯಿದೆ. ಹೆಸರು ಗೊತ್ತಿರುವ ಕೆಲವೇ ಮಂದಿಯಲ್ಲಿ ದೊಡ್ಡ ಸ್ವಾಮಿಯವರೂ ಒಬ್ಬರು.

ಮಿತ್ರರೇ, ನಮ್ಮಲ್ಲಿ ಅನೇಕರು ಪದವಿ ಮುಗಿಸಿ ಮಾಸ್ತರರಾಗಿ, ಗುಮಾಸ್ತರಾಗಿ, ಬೇಸಾಯಗಾರರಾಗಿ ಹಳ್ಳಿಗಳಿಗೇ ಹಿಂದಿರುಗುವವರು. ಹಿಡಿದ ಕೆಲಸದಲ್ಲಿ ನಾವೂ ಎಷ್ಟೋ ಸಲ ಸೋತೆವೆಂದುಕೊಳ್ಳುವ ದಿನಗಳು ಬರುತ್ತವೆ. ಆಗ ಶ್ರೀರಂಗಪಟ್ಟಣದ ಕಡೆಗೆ ಹೋಗುವ ರೈಲಿನಲ್ಲೋ ಬಸ್ಸಿನಲ್ಲೋ ಕುಳಿತವರು ಗಂಜಾಮಿನ ಆ ಚರ್ಚನ್ನು ಒಮ್ಮೆ ಕಂಡುಬರಲಿ. ಅವರ ಮತ ನಮ್ಮದಾಗಬೇಕಾಗಿಲ್ಲ, ಅವರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಪಕ್ಕದ ಮನೆಯ ಮಗುವಿಗೆ ಜ್ವರ ಬಂದಾಗ ಎದ್ದು ಹೋಗುವಷ್ಟು ಪ್ರೀತಿ, ಹೋದಲ್ಲಿ ನೆಲದ ಮೇಲೆ ಕೂರುವಷ್ಟು ವಿನಯ, ಬಂದಮೇಲೆ ನಕ್ಕು ನಾಲ್ಕು ಕಥೆ ಹೇಳುವಷ್ಟು ಸಂತೋಷ ನಮ್ಮಲ್ಲಿ ಉಳಿದರೆ ಸಾಕು.